ಬರಿಗೈಯ ನಾಯಕ: ಆಟೋ ನಿಲ್ದಾಣಗಳು ಕಾಪಾಡಿದ ಕರಾಟೆ ಕಿಂಗ್

ಮಾಲೂರಿನ ರೈಲ್ವೆ ಸ್ಟೇಷನ್ ಮುಂದೆ, ಮುಳಬಾಗಿಲಿನ ಬಸ್ ನಿಲ್ದಾಣದ ಬಳಿ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳ ಕಡೆ ಹೋಗುವ ದಾರಿಯಲ್ಲಿ, ಕೋಲಾರದ ಕ್ಲಾಕ್ ಟವರ್ ಸುತ್ತಮುತ್ತ ಸಾಲುಗಟ್ಟಿ ನಿಂತ ಆಟೋಗಳ ಬೆನ್ನಿನ ಮೇಲೆ ಕಣ್ಣಾಡಿಸಿದರೆ ಒಂದು ಮುಖ ಮತ್ತೆ ಮತ್ತೆ ಎದುರಾಗುತ್ತದೆ. ಕುರುಚಲು ಗಡ್ಡ, ಕಿವಿ ಮುಚ್ಚುವ ಕೂದಲು, ನಿದ್ದೆಗೆಟ್ಟು ದುಡಿದವನ ಹಾಗೆ ಅರ್ಧ ಇಳಿದ ರೆಪ್ಪೆ. ಕೆಲವು ಆಟೋಗಳಲ್ಲಿ ಹೆಸರೇ ಇರುವುದಿಲ್ಲ. ಇದ್ದರೆ ‘ಶಂಕ್ರಣ್ಣ’ ಎಂದಿರುತ್ತದೆ, ಇಲ್ಲವೇ ‘ಕರಾಟೆ ಕಿಂಗ್’ ಎಂದಿರುತ್ತದೆ.

ಆ ಮುಖದ ಒಡೆಯ, ನಟ ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಈ ಆಟೋಗಳನ್ನು ಓಡಿಸುವ ಎಷ್ಟೋ ಹುಡುಗರು ಹುಟ್ಟಿದ್ದೇ ಅದಾದ ಮೇಲೆ. ಅವರು ಶಂಕ್ರಣ್ಣನ ಸಿನಿಮಾವನ್ನು ಥಿಯೇಟರಿನಲ್ಲಿ ನೋಡಿದವರಲ್ಲ, ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ಅಪ್ಪ ಚಿಕ್ಕಪ್ಪಂದಿರ ಬಾಯಲ್ಲಿ ಕಂಡವರು. ನವೆಂಬರ್ 9ರಂದು ಶಂಕ್ರಣ್ಣನ ಹುಟ್ಟುಹಬ್ಬ ಬಂದರೆ ನಿಲ್ದಾಣಕ್ಕೆ ಬಾಳೆಕಂದು ಕಟ್ಟಿ, ಫೋಟೋಗೆ ಹೂವಿನ ಹಾರ ಹಾಕಿ, ಕೇಸರಿಬಾತು ಹಂಚುತ್ತಾರೆ. ಆ ದಿನವನ್ನು ಚಾಲಕರ ದಿನ ಎಂದೇ ಕರೆದು ಆಚರಿಸುವ ಸಂಘಗಳೂ ಇವೆ.

ಇತ್ತ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ನಾವು ನೆನೆಯುವ ಶಂಕರ್ ನಾಗ್ ಬೇರೆ. ಅವರು ‘ಮಾಲ್ಗುಡಿ ಡೇಸ್’ ನಿರ್ದೇಶಕ, ರಂಗಕರ್ಮಿ, ಬೆಂಗಳೂರಿಗೆ ಮೆಟ್ರೊ ಬರಬೇಕೆಂದು ದಶಕಗಳ ಮೊದಲೇ ಹೇಳಿದವರು. ಅವರ ಹೊಡೆದಾಟದ ಚಿತ್ರಗಳ ಮಾತು ಬಂದಾಗ ‘ಅವೆಲ್ಲ ದುಡ್ಡಿಗಾಗಿ ಮಾಡಿದ್ದು’ ಎಂದು ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ಈ ದಾಟುವಿಕೆ ಸರಿಯಲ್ಲ ಎನ್ನುವುದು ನನ್ನ ಬಲವಾದ ನಂಬಿಕೆ. ಕೋಲಾರ ಸೀಮೆಯ ಆಟೋ ಚಾಲಕರು ಯಾವ ಶಂಕರ್ ನಾಗ್ ಅವರನ್ನು ಉಳಿಸಿಕೊಂಡಿದ್ದಾರೋ ಆ ಶಂಕರ್ ನಾಗ್ ಕೂಡ ನಮ್ಮ ಸಿನಿಮಾ ಚರಿತ್ರೆಯಲ್ಲಿ ತೂಕದ ವ್ಯಕ್ತಿ. ಅವನ ಹೊಡೆತಕ್ಕೆ ಅರ್ಥವಿತ್ತು, ಅವನ ನೋಡುಗರಿಗೆ ಕಾರಣವಿತ್ತು.

ಕಾದಾಡುವವನ ಚಿತ್ರ ಈ ನೆಲಕ್ಕೆ ಹೊಸದಲ್ಲ. ಗಂಗರು, ಬಾಣರು, ನೊಳಂಬರು, ಚೋಳರು ಒಬ್ಬರ ಮೇಲೊಬ್ಬರು ಏರಿಬಂದ ಸೀಮೆಯಿದು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ ಗುಡಿಗಳು ಇಂದಿಗೂ ನಿಂತಿವೆ. ಜಿಲ್ಲೆಯ ಊರೂರಿನ ಆಚೆ, ಕೆರೆ ಏರಿಯ ಮೇಲೆ, ಹುಣಸೆಮರದ ಬುಡದಲ್ಲಿ ವೀರಗಲ್ಲುಗಳಿವೆ. ಅವುಗಳಲ್ಲಿ ಬಹಳಷ್ಟು ಕಲ್ಲುಗಳು ನಿಂತದ್ದು ಅರಸರಿಗಾಗಿ ಅಲ್ಲ. ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿ ಸತ್ತ ಊರಿನ ಆಳಿಗಾಗಿ ನಿಂತವು. ಹೈದರ್ ಅಲಿ ಹುಟ್ಟಿದ್ದು ಇಲ್ಲಿಗೆ ಹತ್ತಿರದ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರ ಪಟ್ಟಣದಲ್ಲೇ. ಕೋಲಾರ, ಮಾಲೂರಿನ ದ್ರೌಪದಿ ಕರಗದ ರಾತ್ರಿ ವೀರಕುಮಾರರು ಬಿಚ್ಚುಗತ್ತಿ ಹಿಡಿದು ಕರಗದ ಜೊತೆ ನಡೆಯುತ್ತಾರೆ. ಆ ಕತ್ತಿ ಹಿಡಿಯಲು ವ್ರತ ಬೇಕು, ಮೈ ಹದವಾಗಿರಬೇಕು. ಗರಡಿಯ ಮಣ್ಣು, ದಂಡ, ಬಸ್ಕಿ ಎಲ್ಲ ಬಲ್ಲ ಜನಕ್ಕೆ 1970ರ ದಶಕದ ಹೊತ್ತಿಗೆ ಹೊಸದೊಂದು ಯುದ್ಧಕಲೆ ಪರದೆಯ ಮೇಲಿಂದ ಇಳಿದುಬಂತು.

ಅದನ್ನು ತಂದವನು ಬ್ರೂಸ್ ಲೀ. 1940ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿ, ಹಾಂಕಾಂಗ್‌ನಲ್ಲಿ ಬೆಳೆದು, ಯಿಪ್ ಮಾನ್ ಎಂಬ ಗುರುವಿನ ಬಳಿ ವಿಂಗ್ ಚುನ್ ಕಲಿತವನು. 1973ರ ಜುಲೈ 20ರಂದು 32ನೇ ವಯಸ್ಸಿನಲ್ಲಿ ತೀರಿಕೊಂಡ. ‘ಎಂಟರ್ ದ ಡ್ರ್ಯಾಗನ್’ ಬಿಡುಗಡೆಯಾದದ್ದು ಅವನು ಸತ್ತ ಮೇಲೆ. ಆ ಚಿತ್ರ ಭಾರತದ ಊರುಗಳನ್ನು ಸುತ್ತುತ್ತ ಹೋದಂತೆ ಕ್ಷೌರದಂಗಡಿಯ ಗೋಡೆಗಳಲ್ಲಿ, ಸೈಕಲ್ ಶಾಪಿನ ಬಾಗಿಲುಗಳಲ್ಲಿ ಎದೆಯ ಮೇಲೆ ಉಗುರು ಗೀರಿದ ಗಾಯ ಹೊತ್ತವನ ಮುಖ ಅಂಟಿಕೊಂಡಿತು. ನಮ್ಮ ಸೀಮೆಯ ಹುಡುಗರು ನೀಲಗಿರಿ ಕೋಲನ್ನು ಎರಡು ತುಂಡು ಮಾಡಿ, ನಡುವೆ ಸೈಕಲ್ ಚೈನು ಕಟ್ಟಿ ಬೀಸಿ, ಮೊಣಕೈ ಹಣೆ ಒಡೆದುಕೊಂಡ ಕಾಲವದು. ಅಂತರಗಂಗೆ ಬೆಟ್ಟದ ಬಂಡೆಯಿಂದ ಬಂಡೆಗೆ ಹಾರುವುದೂ ಆಗ ಕರಾಟೆಯೇ ಆಗಿತ್ತು.

ಇನ್ನೊಂದು ಸಂಗತಿಯನ್ನು ಹೇಳದೆ ಈ ಸೀಮೆಯ ಸಿನಿಮಾ ಪ್ರೀತಿ ಅರ್ಥವಾಗದು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ. ಮಾಲೂರಿನಿಂದ ಹೊಸೂರು ಕೂಗಳತೆಯಲ್ಲಿದೆ, ಅಲ್ಲಿ ತಮಿಳು. ಪೇಟೆಗಳಲ್ಲಿ ದಖನಿ ಉರ್ದು. ಒಂದೇ ಮನೆಯ ಅಣ್ಣ ಎನ್‌ಟಿಆರ್ ಅಭಿಮಾನಿ, ತಮ್ಮ ರಜನೀಕಾಂತ್ ಅಭಿಮಾನಿ, ಅಪ್ಪ ರಾಜ್‌ಕುಮಾರ್ ಭಕ್ತ. ಮುಳಬಾಗಿಲು ಮೂಲದ ನಟಿ ಸೌಂದರ್ಯ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮನೆಮಾತಾದದ್ದು ಈ ನೆಲಕ್ಕೆ ಸಹಜವಾದ ದಾರಿಯೇ. ಮೂರು ಭಾಷೆಯ ನಾಯಕರು ಪೈಪೋಟಿಗೆ ನಿಂತ ಇಂಥ ಗಡಿಯಲ್ಲಿ ಒಬ್ಬ ಕನ್ನಡದ ನಟ ನೆಲೆಯೂರಬೇಕಾದರೆ ಮಾತಿನ ಸೊಗಸು ಒಂದೇ ಸಾಲದು. ಶಂಕರ್ ನಾಗ್ ಅವರ ಕಾಲು ಮೇಲೆದ್ದಾಗ ಅದಕ್ಕೆ ಯಾವ ಭಾಷೆಯ ಹಂಗೂ ಇರಲಿಲ್ಲ. ತೆಲುಗು ಮನೆಯ ಹುಡುಗನೂ ಅವರನ್ನು ‘ಅಣ್ಣ’ ಎಂದೇ ಕರೆದ.

ಅವರು ಹುಟ್ಟಿದ್ದು ಇಲ್ಲಿಂದ ಬಹುದೂರ, ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ, 1954ರ ನವೆಂಬರ್ 9ರಂದು. ಕೊಂಕಣಿ ಮಾತಾಡುವ ನಾಗರಕಟ್ಟೆ ಮನೆತನ. ಅಣ್ಣ ಅನಂತ್ ನಾಗ್ ಆರು ವರ್ಷ ದೊಡ್ಡವರು. ಓದು ಮುಗಿಸಿ ಮುಂಬೈ ಸೇರಿದ ಶಂಕರ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಮರಾಠಿ ರಂಗಭೂಮಿಗೆ ಬಿದ್ದರು. ಮುಂದೆ ಅವರ ಬಾಳಸಂಗಾತಿಯಾದ ಅರುಂಧತಿ ಸಿಕ್ಕಿದ್ದೂ ಅಲ್ಲೇ. ಮರಾಠಿಯ ‘22 ಜೂನ್ 1897’ ಚಿತ್ರದ ಬರವಣಿಗೆಯಲ್ಲಿ ಅವರ ಕೈಯಿದೆ. ಸಿನಿಮಾ ಹೊಡೆದಾಟಕ್ಕೆ ಬರುವ ಮುನ್ನ ಅವರ ದೇಹಕ್ಕೆ ಶಿಸ್ತು ಕಲಿಸಿದ್ದು ನಾಟಕದ ವೇದಿಕೆ. ಈ ಮಾತು ಮುಂದೆ ಬೇಕಾಗುತ್ತದೆ.

1978ರಲ್ಲಿ ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಮಾಡಿದಾಗ ಗಂಡುಗಲಿ ಎಂಬ ಬಾಡಿಗೆ ಯೋಧನ ಪಾತ್ರಕ್ಕೆ ಈ ಹುಡುಗನನ್ನು ನಿಲ್ಲಿಸಿದರು. ಎದುರಿಗೆ ಸುಂದರ್ ಕೃಷ್ಣ ಅರಸ್. ಛಾಯಾಗ್ರಹಣ ಎ.ಕೆ. ಬೀರ್ ಅವರದು. ಹದಿಮೂರನೇ ಶತಮಾನದ ಕರ್ನಾಟಕದ ಕಥೆ, ಆದರೆ ಅದರ ಹಿಂದೆ ಜಪಾನಿನ ಅಕಿರಾ ಕುರೊಸಾವಾನ ಸಮುರಾಯ್ ಚಿತ್ರಗಳಿಗೆ ಸಲ್ಲಿಸಿದ ಗೌರವವಿದೆ. ಯಜಮಾನನಿಗಾಗಿ ಕತ್ತಿ ಹಿಡಿದವನು ಆ ಯಜಮಾನಿಕೆಯನ್ನೇ ಪ್ರಶ್ನಿಸುವ ಘಟ್ಟಕ್ಕೆ ಬರುವುದು ಅದರ ತಿರುಳು. ಅದನ್ನು ನೋಡುವಾಗೆಲ್ಲ ನಮ್ಮ ಊರಿನ ವೀರಗಲ್ಲುಗಳ ಆಳುಗಳು ನನಗೆ ನೆನಪಾಗುತ್ತಾರೆ. 1979ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರ್ ಅವರಿಗೆ ಶ್ರೇಷ್ಠ ನಟ ಎಂದು ಬೆಳ್ಳಿ ನವಿಲು ಪ್ರಶಸ್ತಿ ಬಂತು. ಇಪ್ಪತ್ತನಾಲ್ಕು ವರ್ಷದ ಹುಡುಗ, ಮೊದಲ ಕನ್ನಡ ಚಿತ್ರ. ಅವರಿಗೆ ಆ ಗೌರವ ತಂದುಕೊಟ್ಟದ್ದು ಒಬ್ಬ ಕಾದಾಳುವಿನ ಪಾತ್ರ ಎನ್ನುವುದನ್ನು ಮರೆಯಬಾರದು. ಕಲಾತ್ಮಕ ಚಿತ್ರದ ನಟ ಆಮೇಲೆ ಹೊಡೆದಾಟಕ್ಕೆ ‘ಇಳಿದರು’ ಎಂಬ ಕಥೆ ಇಲ್ಲಿಯೇ ಮುರಿಯುತ್ತದೆ. ಮೊದಲ ದಿನದಿಂದಲೂ ಅವರು ಹೋರಾಡುವವನ ಪಾತ್ರದಲ್ಲೇ ಇದ್ದರು. ಬದಲಾದದ್ದು ಕತ್ತಿ ಹೋಗಿ ಬರಿಗೈ ಬಂದದ್ದು.

1979ರಲ್ಲಿ ವಿ. ಸೋಮಶೇಖರ್ ನಿರ್ದೇಶನದ ‘ಸೀತಾರಾಮು’ ಅವರನ್ನು ಜನಪ್ರಿಯ ಸಿನಿಮಾಕ್ಕೆ ತಂದಿತು. ಮರುವರ್ಷ ‘ಆಟೋ ರಾಜ’. ಅಲ್ಲಿಂದ ಹನ್ನೊಂದು ವರ್ಷ ಬಿಡುವೇ ಇಲ್ಲ. 80ಕ್ಕೂ ಹೆಚ್ಚು ಚಿತ್ರಗಳು. ‘ಆರದ ಗಾಯ’, ‘ನ್ಯಾಯ ಎಲ್ಲಿದೆ’, ‘ಕಾರ್ಮಿಕ ಕಳ್ಳನಲ್ಲ’, ‘ಧರ್ಮ ದಾರಿ ತಪ್ಪಿತು’, ‘ಬೆಂಕಿ ಚೆಂಡು’, ‘ಗೆದ್ದ ಮಗ’, ‘ರಕ್ತ ತಿಲಕ’. ಈ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಒಂದು ಕಾಲದ ಕೋಪವೇ ಸಾಲುಗಟ್ಟಿದ ಹಾಗಿದೆ. ಪೊಲೀಸ್ ಠಾಣೆ, ಕೋರ್ಟು, ಕಾರ್ಖಾನೆ, ಸಾಹುಕಾರ. ಎಲ್ಲ ಬಾಗಿಲು ಬಡಿದು ಬಂದವನು ಕೊನೆಗೆ ತನ್ನ ಮೈಯನ್ನೇ ನಂಬುತ್ತಾನೆ. ಕಥೆಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವು. ‘ನ್ಯಾಯ ಎಲ್ಲಿದೆ’ ತಮಿಳಿನ ‘ಸಟ್ಟಂ ಒರು ಇರುಟ್ಟರೈ’ ಚಿತ್ರದ ಕನ್ನಡ ರೂಪ. ನಮ್ಮ ‘ಆಟೋ ರಾಜ’ ತಮಿಳಿಗೆ ಹೋಗಿ ಅಲ್ಲಿ ವಿಜಯಕಾಂತ್ ಆಟೋ ಹತ್ತಿದರು.

ಈ ಹೋಗಿಬರುವ ದಾರಿ ಯಾವುದು? ಆಗಿನ ರಾಷ್ಟ್ರೀಯ ಹೆದ್ದಾರಿ 4. ಮುಂಬೈ ಕಡೆಯಿಂದ ಹೊರಟು ಪುಣೆ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ದಾಟಿ, ಕೋಲಾರ, ಮುಳಬಾಗಿಲು ಹಾದು ಮದ್ರಾಸಿಗೆ ಹೋಗುತ್ತಿದ್ದ ರಸ್ತೆ. ಈಗ ಅದನ್ನು ತುಂಡು ತುಂಡಾಗಿಸಿ 48, 75 ಎಂದು ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಕನ್ನಡ ಸಿನಿಮಾ ಬಹುಕಾಲ ಮದ್ರಾಸಿನ ಸ್ಟುಡಿಯೊ, ಲ್ಯಾಬುಗಳನ್ನು ನಂಬಿಕೊಂಡಿತ್ತು; ಸಾಹಸ ಕಲಾವಿದರ ದೊಡ್ಡ ಪಡೆಯೂ ಅಲ್ಲಿಯದೇ. ಮುಂಬೈಯಿಂದ ಬಂದು, ಬೆಂಗಳೂರಿನಲ್ಲಿ ನೆಲೆಸಿ, ಮದ್ರಾಸಿನ ಜೊತೆ ವ್ಯವಹರಿಸಿದ ಶಂಕರ್ ಅವರ ಬದುಕಿನ ಬೆನ್ನೆಲುಬು ಈ ಒಂದೇ ರಸ್ತೆ. ಮುಳಬಾಗಿಲಿನ ದೋಸೆ ಹೋಟೆಲುಗಳ ಮುಂದೆ ನಿಲ್ಲುತ್ತಿದ್ದ ಕಾರುಗಳಿಂದ ಯಾರು ಇಳಿದಾರು ಎಂದು ಇಣುಕುವುದು ಈ ಊರಿನ ಹುಡುಗರಿಗೆ ಅಭ್ಯಾಸವಾಗಿತ್ತು.

ಕರಾಟೆ ಕಿಂಗ್ ಎಂದು ಹೆಸರಾದ ಶಂಕರ್ ನಾಗ್ ಕರಾಟೆಯನ್ನು ಗುರುವಿನ ಬಳಿ ಕ್ರಮವಾಗಿ ಕಲಿತವರಲ್ಲ. ಇದನ್ನು ಕೇಳಿ ಅವರ ಬೆಲೆ ಕುಗ್ಗಿತು ಎನ್ನುವವರು ಸಿನಿಮಾ ಹೊಡೆದಾಟ ಎಂಥ ಕಷ್ಟದ ಕಸುಬು ಎಂಬುದನ್ನು ಅರಿಯಬೇಕು. ಪರದೆಯ ಮೇಲಿನ ಹೊಡೆತ ನಿಜವಾದ ಹೊಡೆತದ ನಕಲಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಮುಷ್ಟಿಗೂ ಮುಖಕ್ಕೂ ನಡುವೆ ಒಂದು ಗೇಣು ಜಾಗ ಇರಬೇಕು. ಕ್ಯಾಮೆರಾ ಸರಿಯಾದ ಓರೆಯಲ್ಲಿ ನಿಂತರೆ ಆ ಗೇಣು ಕಾಣದಾಗುತ್ತದೆ. ಏಟು ಬಿತ್ತೆಂದು ನೋಡುಗ ನಂಬುವುದು ಹೊಡೆದವನಿಂದ ಅಲ್ಲ, ತಿಂದವನಿಂದ. ಅವನ ಕುತ್ತಿಗೆ ಸರಿಯಾದ ಕ್ಷಣಕ್ಕೆ ತಿರುಗಬೇಕು, ಕಾಲು ಸರಿಯಾದ ಕ್ಷಣಕ್ಕೆ ನೆಲ ಬಿಡಬೇಕು. ಸೆಕೆಂಡಿಗೆ 24 ಚೌಕಟ್ಟುಗಳ ಬದಲು 20 ಅಥವಾ 22ರಂತೆ ಚಿತ್ರೀಕರಿಸಿ 24ರಲ್ಲಿ ಓಡಿಸಿದರೆ ಕಾಲಿನ ಬೀಸಿಗೆ ಮಿಂಚು ಬರುತ್ತದೆ. ಬೀಳುವ ಕಡೆ ರಟ್ಟಿನ ಪೆಟ್ಟಿಗೆ, ಹಾಸಿಗೆ. ನೆಗೆಯುವ ಕಡೆ ಸ್ಪ್ರಿಂಗ್ ಹಲಗೆ. ಆಮೇಲೆ ಶಬ್ದಗ್ರಹಣದ ಕೋಣೆಯಲ್ಲಿ ‘ಢಿಶುಂ’ ಸೇರಬೇಕು. ಇವೆಲ್ಲ ಕೂಡಿದರೂ ನಡುವೆ ನಿಂತ ದೇಹಕ್ಕೆ ಕಾಲಜ್ಞಾನ ಇಲ್ಲದಿದ್ದರೆ ಹೊಡೆದಾಟ ಸತ್ತುಹೋಗುತ್ತದೆ. ಆ ಕಾಲಜ್ಞಾನವನ್ನು ಶಂಕರ್ ವೇದಿಕೆಯಿಂದ ತಂದಿದ್ದರು. ಎಲ್ಲಿ ನಿಂತರೆ ಕೊನೆಯ ಸಾಲಿನವನಿಗೂ ಕಾಣುತ್ತೇನೆ, ಯಾವ ಚಲನೆಗೆ ಎಷ್ಟು ಉಸಿರು ಎಂಬುದನ್ನು ನಾಟಕದವರು ಬಲ್ಲರು.

ಅವರ ಮೈಕಟ್ಟೂ ಅದಕ್ಕೆ ಒದಗಿಬಂತು. ಟೈಗರ್ ಪ್ರಭಾಕರ್ ಎದುರಾಳಿಯನ್ನು ನೋಟದಲ್ಲೇ ಕುಗ್ಗಿಸುವ ಭಾರಿ ಆಳು. ಶಂಕರ್ ತೆಳ್ಳಗೆ, ಬೇಸಾಯದ ಮನೆಯ ಹುಡುಗನ ಹಾಗೆ ಇದ್ದರು. ಬೆನ್ನು ತುಸು ಬಾಗಿದ ನಡಿಗೆ, ಒರಟು ದನಿ, ಕಾಲು ಮಾತ್ರ ಉದ್ದ. ಹೊಡೆದಾಟದ ಮೊದಲರ್ಧ ಅವರು ಏಟು ತಿನ್ನುತ್ತಾರೆ, ಧೂಳಿಗೆ ಬೀಳುತ್ತಾರೆ, ತುಟಿಯ ರಕ್ತ ಒರೆಸಿಕೊಂಡು ಏಳುತ್ತಾರೆ. ಎದ್ದಮೇಲೆ ಬರುವ ಆ ಒಂದು ಒದೆತಕ್ಕೆ ಗಾಂಧಿ ಕ್ಲಾಸಿನ ಬೆಂಚುಗಳು ಅಲುಗುತ್ತಿದ್ದವು. ಅಡಿಕೆ ತೋಟ, ಕಾಫಿ ತೋಟ ಇಲ್ಲದ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಬೋರ್‌ವೆಲ್ ಸಾವಿರ ಅಡಿ ಇಳಿದರೂ ನೀರು ಸಿಗುವ ಖಾತ್ರಿಯಿಲ್ಲದ ಸೀಮೆಯವರಿಗೆ, ಬಿದ್ದು ಏಳುವ ಆ ತೆಳ್ಳನೆಯ ದೇಹ ತಮ್ಮದೇ ಅನ್ನಿಸಿದರೆ ಅದರಲ್ಲಿ ಅಚ್ಚರಿಯಿಲ್ಲ.

ಹೊಡೆತ ತಿನ್ನುವವರ ಬಗ್ಗೆ ಇಲ್ಲೇ ಒಂದು ಮಾತು. ನಾಯಕನ ಒದೆತಕ್ಕೆ ಗಾಜು ಒಡೆದು ಹೊರಬೀಳುವವರ ಹೆಸರು ನಮಗೆ ತಿಳಿದಿರುವುದಿಲ್ಲ. 2016ರ ನವೆಂಬರಿನಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣದ ವೇಳೆ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಜಿಗಿದ ಅನಿಲ್ ಮತ್ತು ಉದಯ್ ಮುಳುಗಿ ಸತ್ತಾಗ ನಾವು ಒಂದು ವಾರ ಮರುಗಿದೆವು. ಕರಾಟೆ ಕಿಂಗ್‌ನ ಕಿರೀಟದಲ್ಲಿ ಇಂಥ ಹೆಸರಿಲ್ಲದ ನೂರಾರು ಮೈಗಳ ನೋವಿದೆ.

‘ಆಟೋ ರಾಜ’ಕ್ಕೆ ಮರಳೋಣ. ವಿಜಯ್ ನಿರ್ದೇಶನ, ರಾಜನ್–ನಾಗೇಂದ್ರ ಸಂಗೀತ, ಜೊತೆಗೆ ಗಾಯತ್ರಿ. ಖಾಕಿ ಅಂಗಿ ತೊಟ್ಟ ಆಟೋ ಡ್ರೈವರು ಆ ಚಿತ್ರದಲ್ಲಿ ಹಾಡುತ್ತಾನೆ, ಪ್ರೀತಿಸುತ್ತಾನೆ, ಅನ್ಯಾಯ ಕಂಡರೆ ಕೈ ಎತ್ತುತ್ತಾನೆ. ಇಂದಿಗೆ ಇದು ಮಾಮೂಲಿ ಕಥೆ. ಆದರೆ 1980ರಲ್ಲಿ ಆಟೋ ಡ್ರೈವರ್ ಎಂದರೆ ಮೀಟರಿಗಾಗಿ ಜಗಳವಾಡುವವನು, ಮನೆಮಗಳನ್ನು ಕೊಡಲು ಹಿಂಜರಿಯುವಂಥವನು. ಸಾಲದ ಕಂತು, ಪರ್ಮಿಟ್ಟು, ಪೊಲೀಸಿನವರ ಕಾಟ ಎಲ್ಲವನ್ನೂ ಒಂದೇ ಹ್ಯಾಂಡಲಿನಲ್ಲಿ ಹಿಡಿದು ಓಡಿಸುವ ಮನುಷ್ಯನಿಗೆ ಘನತೆಯಿದೆ ಎಂದು ಪರದೆ ಹೇಳಿತು. ಅದನ್ನು ಹೇಳಿದವನು ಬೆಳ್ಳಿ ನವಿಲು ಪಡೆದ ನಟ. ಆ ಋಣವನ್ನು ಚಾಲಕರು ಇಂದಿಗೂ ತೀರಿಸುತ್ತಿದ್ದಾರೆ.

ನಮ್ಮ ಸೀಮೆಯಲ್ಲಿ ಆಟೋಗೆ ಇನ್ನೊಂದು ಅರ್ಥವೂ ಇದೆ. ಮಳೆ ಕೈಕೊಟ್ಟು, ಕೆರೆ ಬತ್ತಿ, ರಾಗಿ ಹೊಲದಲ್ಲಿ ನೀಲಗಿರಿ ಎದ್ದ ಮನೆಗಳ ಹುಡುಗರಿಗೆ ಎರಡು ದಾರಿ ತೆರೆದವು. ಒಂದು, ಮಾರಿಕುಪ್ಪಂ ಕಡೆಯಿಂದ ಬಂಗಾರಪೇಟೆ, ಟೇಕಲ್, ಮಾಲೂರು ಹಾದು ಬೆಂಗಳೂರಿಗೆ ಹೋಗುವ ಬೆಳಗಿನ ರೈಲು. ಇನ್ನೊಂದು, ಸಾಲ ಮಾಡಿ ತಂದ ಆಟೋ. ಊರಿಂದ ಊರಿಗೆ ಜನ ತುಂಬಿಕೊಂಡು ಓಡುವ ಆಪೆ, ಕೋಲಾರದ ಎಪಿಎಂಸಿಗೆ ಟೊಮೆಟೊ ಬಾಕ್ಸು ಹೊರುವ ಲಗೇಜ್ ಆಟೋ, ಮೇ ತಿಂಗಳು ಬಂತೆಂದರೆ ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಸಾಗಿಸುವ ಗಾಡಿ, ಮಾಲೂರಿನ ಇಟ್ಟಿಗೆ ಗೂಡುಗಳ ಸುತ್ತ ಕೂಲಿಗಳನ್ನು ಇಳಿಸುವ ಗಾಡಿ. ಜಮೀನು ಕೈಬಿಟ್ಟ ಮೇಲೆ ಸ್ವಂತದ್ದು ಎಂದು ಹೇಳಿಕೊಳ್ಳಬಹುದಾದ ಮೊದಲ ಆಸ್ತಿ ಎಷ್ಟೋ ಮನೆಗಳಿಗೆ ಆ ಮೂರು ಚಕ್ರ. ಅದರ ಬೆನ್ನಿಗೆ ಯಾರ ಚಿತ್ರ ಬರೆಸಬೇಕೆಂದು ಯೋಚಿಸಬೇಕಾಗಿಯೇ ಇರಲಿಲ್ಲ.

ಹೊಡೆದಾಟದಿಂದ ಬಂದ ಹಣ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಎರಡು ಶಂಕರ್ ನಾಗ್‌ಗಳು ಒಬ್ಬರೇ ಆಗುತ್ತಾರೆ. ಬೆಂಗಳೂರಿಗೆ ಬಂದ ದಂಪತಿ ‘ಸಂಕೇತ್’ ತಂಡ ಕಟ್ಟಿದರು. ಹಗಲು ಶೂಟಿಂಗ್, ಸಂಜೆ ನಾಟಕದ ತಾಲೀಮು. ‘ಅಂಜುಮಲ್ಲಿಗೆ’, ‘ನೋಡಿ ಸ್ವಾಮಿ ನಾವಿರೋದು ಹೀಗೆ’, ‘ನಾಗಮಂಡಲ’ ಬಂದದ್ದು ಆ ತಂಡದಿಂದ. ಧ್ವನಿಗ್ರಹಣಕ್ಕೆ ಮದ್ರಾಸಿಗೆ ಓಡುವುದು ತಪ್ಪಲಿ ಎಂದು ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೊ ಎದ್ದಿತು. 1980ರಲ್ಲೇ ‘ಮಿಂಚಿನ ಓಟ’ ನಿರ್ದೇಶಿಸಿ ರಾಜ್ಯ ಪ್ರಶಸ್ತಿಗಳನ್ನು ಬಾಚಿದರು. ‘ಜನ್ಮ ಜನ್ಮದ ಅನುಬಂಧ’, ‘ಗೀತಾ’ ಬಂದವು. 1987ರ ‘ಒಂದು ಮುತ್ತಿನ ಕಥೆ’ಗಾಗಿ ರಾಜ್‌ಕುಮಾರ್ ಅವರನ್ನು ಸಮುದ್ರದಾಳಕ್ಕೆ ಇಳಿಸಿದರು. ಆಗುಂಬೆಯನ್ನು ಮಾಲ್ಗುಡಿಯಾಗಿಸಿ ಆರ್.ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕೆ ತಂದದ್ದೂ ಅದೇ ವರ್ಷಗಳಲ್ಲಿ. ಆ ಪಟ್ಟಿ ಎಲ್ಲರಿಗೂ ಗೊತ್ತು, ಬೆಳೆಸುವುದಿಲ್ಲ.

‘ಆಕ್ಸಿಡೆಂಟ್’ ಒಂದರ ಬಗ್ಗೆ ಮಾತ್ರ ನಿಲ್ಲಬೇಕು. ಕರಾಟೆ ಕಿಂಗ್ ಎಂಬ ಹೆಸರು ನೆತ್ತಿಗೇರಿದ್ದ 1985ರ ಹೊತ್ತಿನಲ್ಲಿ ಅವರು ಹಾಡುಗಳೇ ಇಲ್ಲದ ಚಿತ್ರವೊಂದನ್ನು ಮಾಡಿದರು. ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿ ಜನರ ಮೇಲೆ ಹರಿಸುತ್ತಾನೆ. ಅಪ್ಪನ ಅಧಿಕಾರ ಅದನ್ನು ಮುಚ್ಚಿಹಾಕಲು ಹೊರಡುತ್ತದೆ. ಅಪ್ಪನಾಗಿ ಅನಂತ್ ನಾಗ್, ಬದುಕಿ ಉಳಿದ ಕೂಲಿಯಾಗಿ ರಮೇಶ್ ಭಟ್, ಸತ್ಯ ಬೆನ್ನಟ್ಟುವ ಪತ್ರಕರ್ತನಾಗಿ ಶಂಕರ್. ಸಂಗೀತ ಇಳಯರಾಜ. ಸಾಮಾಜಿಕ ವಿಷಯದ ಚಿತ್ರಗಳ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು. ನೂರು ಜನರನ್ನು ಒಬ್ಬನೇ ಕೆಡವುವ ನಾಯಕ ಇಲ್ಲಿ ಯಾರನ್ನೂ ಕೆಡವಲಾರ. ಒದೆತದಿಂದ ತೀರದ ಅನ್ಯಾಯ ಯಾವುದು ಎಂಬುದನ್ನು ಒದೆತದಿಂದ ಹೆಸರಾದವನೇ ತೋರಿಸಿಕೊಟ್ಟ ಚಿತ್ರವಿದು. ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಸಿಕ್ಕಲ್ಲಿ ಮಲಗುವ ಜನ ಕೋಲಾರದ ಹಳ್ಳಿಗಳಲ್ಲಿ ಮನೆಗೊಬ್ಬರಂತೆ ಇದ್ದಾರೆ. ನನ್ನ ಮಟ್ಟಿಗೆ ‘ಆಟೋ ರಾಜ’ ಮತ್ತು ‘ಆಕ್ಸಿಡೆಂಟ್’ ಅಕ್ಕತಂಗಿ ಚಿತ್ರಗಳು.

ಈ ಜಿಲ್ಲೆಗೆ ನೇರವಾಗಿ ಸೇರಿದ ಅವರ ಕನಸೊಂದಿತ್ತು. ನಂದಿಬೆಟ್ಟಕ್ಕೆ ರೋಪ್‌ವೇ ಹಾಕಬೇಕೆಂದು ಅವರು ಯೋಜನೆ ಹಿಡಿದು ಓಡಾಡಿದ ಕಾಲಕ್ಕೆ ನಂದಿ ಕೋಲಾರ ಜಿಲ್ಲೆಯಲ್ಲೇ ಇತ್ತು. ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಬೆಂಗಳೂರಿನ ಮೆಟ್ರೊ 2011ರಲ್ಲಿ ಓಡಿತು. ನಂದಿಯ ರೋಪ್‌ವೇಗೆ ಶಂಕುಸ್ಥಾಪನೆ ಆದದ್ದು 2023ರಲ್ಲಿ, ಅವರು ಹೋಗಿ ಮೂವತ್ತಮೂರು ವರ್ಷಕ್ಕೆ.

ಪ್ರೀತಿ ಇದ್ದಮಾತ್ರಕ್ಕೆ ಕುಂದುಗಳನ್ನು ಮುಚ್ಚಬೇಕಿಲ್ಲ. ಆ ಹೊಡೆದಾಟದ ಚಿತ್ರಗಳಲ್ಲಿ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಚೀರುವ ಕೆಲಸ. ತಂಗಿಗೆ ಅನ್ಯಾಯವಾದರೆ ಅಣ್ಣನ ಕೋಪಕ್ಕೆ ಕಾರಣ ಸಿಕ್ಕಿತು, ತಂಗಿಯ ಪಾಡು ಅಲ್ಲಿಗೆ ಮುಗಿಯಿತು. ಹೆಣ್ಣೂ ಒದೆಯಬಲ್ಲಳು ಎಂದು ಕನ್ನಡದ ಪರದೆ ಒಪ್ಪಲು ಮಾಲಾಶ್ರೀ ಬರಬೇಕಾಯಿತು. ಇಂದು ರಾಣಿ ಲಕ್ಷ್ಮೀಬಾಯಿ ಹೆಸರಿನ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹುಡುಗಿಯರು ಅಂಗಳದಲ್ಲಿ ಸಾಲಾಗಿ ನಿಂತು ಕರಾಟೆಯ ಮೊದಲ ಪಟ್ಟುಗಳನ್ನು ಕಲಿಯುವುದನ್ನು ನೋಡಿದಾಗ, ಆ ಚಿತ್ರಗಳು ಅರ್ಧಕ್ಕೆ ಬಿಟ್ಟ ಕೆಲಸ ಮುಂದುವರಿದಿದೆ ಎಂದು ಸಮಾಧಾನವಾಗುತ್ತದೆ. ಇನ್ನೊಂದು ಕುಂದು ಅವಸರದ್ದು. ವರ್ಷಕ್ಕೆ ಎಂಟು ಹತ್ತು ಚಿತ್ರಗಳಲ್ಲಿ ನಟಿಸಿದಾಗ ಎಲ್ಲದಕ್ಕೂ ಒಂದೇ ತೂಕ ಬರುವುದು ಸಾಧ್ಯವಿರಲಿಲ್ಲ. ಕೆಲವನ್ನು ಇಂದು ಕೊನೆಯವರೆಗೆ ನೋಡುವುದು ಕಷ್ಟ. ಅವುಗಳಲ್ಲೂ ಅವರ ಹೊಡೆದಾಟದ ಐದು ನಿಮಿಷ ಮಾತ್ರ ಜೀವಂತವಾಗಿ ಉಳಿದಿರುತ್ತದೆ.

ಕೊನೆಯ ವರ್ಷಗಳಲ್ಲಿ ಅವರಿಗೆ ಖಾಕಿಯೇ ಮತ್ತೆ ಒಲಿಯಿತು, ಈ ಬಾರಿ ಪೊಲೀಸರದು. ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರಿನಲ್ಲಿ ಬಂದ ‘ಸಾಂಗ್ಲಿಯಾನ’ (1988), ನಂತರ ‘ಸಿಬಿಐ ಶಂಕರ್’ (1989), 1990ರಲ್ಲಿ ಸಾಂಗ್ಲಿಯಾನದ ಎರಡನೇ ಭಾಗ. ಮೂರನ್ನೂ ನಿರ್ದೇಶಿಸಿದವರು ಪಿ. ನಂಜುಂಡಪ್ಪ. ಬಾಗಿಲು ಬಡಿದು ಸೋತ ಯುವಕ ಈಗ ಬಾಗಿಲ ಒಳಗೆ ಕೂತು ಕಾನೂನಿನ ಪರವಾಗಿ ಒದೆಯತೊಡಗಿದ. ಮೈ ತುಸು ದಪ್ಪಗಾಗಿತ್ತು, ಹೊಡೆದಾಟಕ್ಕೆ ವಿನೋದ ಬೆರೆತಿತ್ತು. ಜನ ಮುಗಿಬಿದ್ದರು. ಅದೇ ವರ್ಷದ ಸೆಪ್ಟೆಂಬರ್ 30ರ ನಸುಕಿನಲ್ಲಿ, ಕಂಬಾರರ ‘ಜೋಕುಮಾರಸ್ವಾಮಿ’ ಆಧರಿಸಿದ ಚಿತ್ರದ ಕೆಲಸಕ್ಕಾಗಿ ಲೋಕಾಪುರದ ಕಡೆ ಹೊರಟಿದ್ದಾಗ, ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತ. ರಸ್ತೆ ಅದೇ ರಾಷ್ಟ್ರೀಯ ಹೆದ್ದಾರಿ 4. ಅರುಂಧತಿ ಮತ್ತು ಮಗಳು ಕಾವ್ಯಾ ಬದುಕಿ ಉಳಿದರು. ಶಂಕರ್‌ಗೆ ಆಗ ಮೂವತ್ತೈದು ವರ್ಷ. ಅರುಂಧತಿ ನಾಗ್ 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ದ ಬಾಗಿಲು ತೆರೆದರು.

ನಾಟಕದ ಶಂಕರ್‌ಗೆ ಹೀಗೆ ಒಂದು ಮನೆ ಆಯಿತು. ಹೊಡೆದಾಟದ ಶಂಕರ್‌ಗೆ ಇರುವ ಮನೆ ಆಟೋ ನಿಲ್ದಾಣ ಒಂದೇ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಆಟೋಗಳ ಬೆನ್ನಿನ ಮೇಲೆ ಇಬ್ಬರೂ ಅಕ್ಕಪಕ್ಕ ಬಂದರು. ನಮ್ಮದೇ ಜಿಲ್ಲೆಯ ಚಿನ್ನದ ಗಣಿಯ ಹೆಸರು ಹೊತ್ತ ‘ಕೆಜಿಎಫ್’ ದೇಶವನ್ನೆಲ್ಲ ಗೆದ್ದಿತು. 2001ರಲ್ಲಿ ಮುಚ್ಚಿದ ಗಣಿ ಪರದೆಯ ಮೇಲೆ ಮರುಹುಟ್ಟು ಪಡೆಯಿತು, ನಾಯಕನ ಕೈಗೆ ಸುತ್ತಿಗೆ ಬಂತು, ಆಮೇಲೆ ಮೆಷಿನ್‌ಗನ್ ಬಂತು. ಆ ಚಿತ್ರಗಳ ಕಸುಬುಗಾರಿಕೆಗೆ ನನ್ನ ಮೆಚ್ಚುಗೆಯಿದೆ. ಆದರೆ ಮೆಷಿನ್‌ಗನ್ ಹಿಡಿದವನ ಜಾಗದಲ್ಲಿ ಮುಳಬಾಗಿಲಿನ ಆಟೋ ಹುಡುಗ ತನ್ನನ್ನು ಕಲ್ಪಿಸಿಕೊಳ್ಳಲಾರ. ಬರಿಗೈಯವನ ಜಾಗದಲ್ಲಿ ನಿಲ್ಲುವುದು ಅವನಿಗೆ ಸುಲಭ.

ಹೀಗಾಗಿ ಒಂದು ಬೇಡಿಕೆ ಇಡುತ್ತಿದ್ದೇನೆ. ಎಂಬತ್ತರ ದಶಕದ ಹೊಡೆದಾಟದ ಚಿತ್ರಗಳು ಇಂದು ಸಿಗುವುದು ಬಣ್ಣ ಮಾಸಿದ, ಗೀರು ಬಿದ್ದ, ಅಂಚು ಕತ್ತರಿಸಿದ ಪ್ರತಿಗಳಲ್ಲಿ. ಕಲಾತ್ಮಕ ಎಂದು ಹೆಸರಾದ ಚಿತ್ರಗಳಿಗೆ ಸಂರಕ್ಷಣೆಯ ಮಾತು ಆಗಾಗ ಕೇಳಿಬರುತ್ತದೆ, ‘ಬೆಂಕಿ ಚೆಂಡು’, ‘ನ್ಯಾಯ ಎಲ್ಲಿದೆ’ಗಳಿಗೆ ಯಾರೂ ಕೇಳುವುದಿಲ್ಲ. ಚಲನಚಿತ್ರ ಅಕಾಡೆಮಿ ಮತ್ತು ನಿರ್ಮಾಪಕರ ಮನೆಯವರು ಕೂತು, ಉಳಿದಿರುವ ನೆಗೆಟಿವ್‌ಗಳನ್ನು ಹುಡುಕಿ, ಒಂದಿಷ್ಟನ್ನಾದರೂ ಶುದ್ಧಮಾಡಿ ಕೊಡಲಿ. ಮೊದಲ ಪ್ರದರ್ಶನ ಬೆಂಗಳೂರಿನ ಮಾಲ್‌ನಲ್ಲಿ ಬೇಡ. ಕೋಲಾರದ ಟಿ. ಚನ್ನಯ್ಯ ರಂಗಮಂದಿರದಲ್ಲಿ ನಡೆಯಲಿ, ನವೆಂಬರ್ 9ರ ಸಂಜೆ. ಮೊದಲು ‘ಆಟೋ ರಾಜ’, ಮರುದಿನ ‘ಆಕ್ಸಿಡೆಂಟ್’, ಮೂರನೆಯ ದಿನ ‘ಒಂದಾನೊಂದು ಕಾಲದಲ್ಲಿ’. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಿಲ್ದಾಣಗಳಿಗೆ ಮುಂಚಿತವಾಗಿ ಹೇಳಿಕಳಿಸಬೇಕು, ಬಾಡಿಗೆ ಬಿಟ್ಟು ಬರುವವರಿಗೆ ಮುಂದಿನ ಸಾಲು ಕಾದಿರಿಸಬೇಕು. ಚಿತ್ರ ಮುಗಿದ ಮೇಲೆ ಮಾತಾಡಲು ವಿಮರ್ಶಕರ ಜೊತೆಗೆ ಒಬ್ಬ ಸಾಹಸ ಕಲಾವಿದರನ್ನೂ ಒಬ್ಬ ಆಟೋ ಚಾಲಕರನ್ನೂ ವೇದಿಕೆಗೆ ಕರೆಯಬೇಕು.